ಗುಡಿ ಎದ್ದ ಮೇಲೆ

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದುತ್ತ ಹೋದರೆ, ರಾಜನ ಬಿರುದಾವಳಿ ಮುಗಿದು ಲೆಕ್ಕಾಚಾರ ಶುರುವಾಗುವ ಜಾಗದಲ್ಲಿ ಒಂದು ಪಟ್ಟಿ ಮತ್ತೆ ಮತ್ತೆ ಎದುರಾಗುತ್ತದೆ. ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ನಂದಾದೀವಿಗೆ, ತಪೋಧನರ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ, ಎಂದರೆ ಒಡೆದು ಬಿರಿದದ್ದರ ರಿಪೇರಿ. ಗುಡಿಗೆ ಕಳಸವಿಟ್ಟ ಹೊತ್ತಿಗೇ, ಕಲ್ಲಿನ ಮೇಲೆ ಉಳಿಯ ಗುರುತು ಇನ್ನೂ ಹಸಿಯಾಗಿರುವಾಗಲೇ, ಇದು ಮುಂದೆ ಬಿರಿಯುತ್ತದೆ, ಸೋರುತ್ತದೆ, ಕುಸಿಯುತ್ತದೆ ಎಂದು ಕಟ್ಟಿಸಿದವರು ಒಪ್ಪಿಕೊಂಡಿದ್ದರು. ಅದಕ್ಕೆಂದು ಕೆರೆಯ ಕೆಳಗೆ ಇಷ್ಟು ಗದ್ದೆ, ಇಷ್ಟು ಬೆದ್ದಲು, ಗಾಣಕ್ಕೆ ಇಷ್ಟು ಎಣ್ಣೆ ಎಂದು ಎಲ್ಲೆ ಗುರುತಿಸಿ ಕಲ್ಲಿನ ಮೇಲೆ ಕೊರೆಸಿದರು. ತಪಸ್ವಿಯ ಊಟ, ದೇವರ ದೀಪ, ಮಾಳಿಗೆಯ ರಿಪೇರಿ ಮೂರೂ ಒಂದೇ ಸಾಲಿನಲ್ಲಿ ಬರುತ್ತಿದ್ದವು. ಅಂದಿನವರ ಭಕ್ತಿಗಿಂತ ಅವರ ಈ ಜಮಾಖರ್ಚಿನ ಬುದ್ಧಿ ದೊಡ್ಡದು ಎಂದು ನಮಗೆ ಅನ್ನಿಸುವುದುಂಟು.

ಆ ಪಟ್ಟಿಯ ಹಿಂದಿದ್ದ ಭೂಮಿಯನ್ನು ಕಾನೂನು ಕೈಗೆತ್ತಿಕೊಂಡು ಎಪ್ಪತ್ತು ವರ್ಷವಾಯಿತು. ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ ಬಂದದ್ದು 1955ರಲ್ಲಿ. ಈ ಎಪ್ಪತ್ತು ವರ್ಷಗಳಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯ ಹಳೆಯ ಗುಡಿ ಮಠಗಳಿಗೆ ಏನಾಯಿತು, ಏನನ್ನು ಎತ್ತಿ ನಿಲ್ಲಿಸಿದೆವು, ನಿಲ್ಲಿಸಿದ ಮೇಲೆ ಏನು ಮಾಡಿದೆವು ಎಂದು ಒಮ್ಮೆ ಹಿಂತಿರುಗಿ ನೋಡುವುದಕ್ಕೆ ಇದು ಸರಿಯಾದ ಹೊತ್ತು.

ಹೊರಗಿನವರಿಗೆ ಈ ಸೀಮೆ ಎಂದರೆ ಕೊಬ್ಬರಿ. ರೈಲಿನ ಕಿಟಕಿಯಿಂದ ನೋಡಿದರೂ ಬಾಣಸಂದ್ರ ದಾಟಿದ ಮೇಲೆ ತೆಂಗಿನ ಗರಿ ಬಿಟ್ಟು ಬೇರೆ ಕಾಣುವುದು ಕಡಿಮೆ. ಆದರೆ ತೋಟಗಳ ನಡುವಿನ ದಾರಿ ಹಿಡಿದರೆ ಹದಿಮೂರನೇ ಶತಮಾನ ಎಷ್ಟು ಒತ್ತೊತ್ತಾಗಿ ಇಲ್ಲಿ ಕಲ್ಲು ಕಡೆಯಿತು ಎಂದು ಅಚ್ಚರಿಯಾಗುತ್ತದೆ. ಗಡಿಯಾಚೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರ ಸುಮಾರಿಗೆ ಲಕ್ಷ್ಮೀನರಸಿಂಹನ ಗುಡಿ ಕಟ್ಟಿಸಿದ. ಬೈಚೋಜನೂ ಮಲ್ಲಿತಮ್ಮನೂ ಅಲ್ಲಿ ಉಳಿ ಹಿಡಿದವರು. ಶೆಟ್ಟಿಕೆರೆಯ ಯೋಗಮಾಧವ 1261ರದು. ಕೂತು ಯೋಗದಲ್ಲಿರುವ ವಿಷ್ಣು, ನಮ್ಮ ಕಡೆ ಅಪರೂಪ. ಮೂರನೇ ನರಸಿಂಹನ ದಂಡನಾಯಕ ಸೋಮಣ್ಣ ತುರುವೇಕೆರೆಯನ್ನು ಅಗ್ರಹಾರವಾಗಿ ಬೆಳೆಸಿದ. ಚೆನ್ನಕೇಶವ, ಮೂಲೆ ಶಂಕರೇಶ್ವರ ಅದೇ ಹೊತ್ತಿನವು. ಗಂಗಾಧರೇಶ್ವರನ ಎದುರಿನ ಕರಿಕಲ್ಲಿನ ನಂದಿಯ ಮೈ ಇವತ್ತಿಗೂ ಮುಖ ಕಾಣುವಷ್ಟು ಹೊಳೆಯುತ್ತದೆ. ನೊಣವಿನಕೆರೆ ಸಮೀಪದ ವಿಘ್ನಸಂತೆಯಲ್ಲಿ 1286ರಲ್ಲಿ ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ಅಣ್ಣತಮ್ಮಂದಿರು, ಮೂವರೂ ದಂಡನಾಯಕರು, ಕೂಡಿ ಲಕ್ಷ್ಮೀನರಸಿಂಹನನ್ನು ನಿಲ್ಲಿಸಿದರು. ಅಣ್ಣತಮ್ಮಂದಿರು ಕೂಡಿ ಒಂದು ಕೆಲಸ ಮುಗಿಸಿದ್ದಕ್ಕೆ ನಮ್ಮ ಸೀಮೆಯಲ್ಲಿ ಶಾಸನದ ಸಾಕ್ಷಿಯೇ ಬೇಕಾಗುತ್ತದೆ ಎಂದು ಯಾರಾದರೂ ತಮಾಷೆ ಮಾಡಿದರೆ ತಪ್ಪಿಲ್ಲ. ನಾಗಲಾಪುರದ ಚೆನ್ನಕೇಶವ, ಕೇದಾರೇಶ್ವರ ಗುಡಿಗಳೂ ಈ ಬಳಗದವೇ.

ಇವೆಲ್ಲಕ್ಕೂ ಮೊದಲಿನದು ಅರಳಗುಪ್ಪೆ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕಲ್ಲೇಶ್ವರ ಗುಡಿ ಒಂಬತ್ತನೇ ಶತಮಾನದ್ದು, ಗಂಗರ, ನೊಳಂಬರ ಕೈಕೆಲಸ. ಹೊರಗಿನಿಂದ ನೋಡಿದರೆ ನಾಲ್ಕು ಗೋಡೆಯ ಸಾಮಾನ್ಯ ಗುಡಿ. ಹೊಯ್ಸಳರ ಕುಸುರಿಗೆ ಒಗ್ಗಿದ ಕಣ್ಣಿಗೆ ಏನೂ ಇಲ್ಲವಲ್ಲ ಅನ್ನಿಸೀತು. ಒಳಗೆ ಹೋಗಿ ಕತ್ತೆತ್ತಿದರೆ ಮಾತು ನಿಲ್ಲುತ್ತದೆ. ಚಾವಣಿಯ ನಡುವೆ ಕುಣಿಯುವ ಶಿವ, ಅವನ ಸುತ್ತ ವಾದ್ಯದವರು. ಎಂಟು ದಿಕ್ಕಿಗೆ ಎಂಟು ಅಂಕಣ, ಒಂದೊಂದರಲ್ಲಿ ಒಬ್ಬ ದಿಕ್ಪಾಲಕ. ಆನೆಯ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣದ ಮೇಲೆ ಯಮ, ಜೊತೆಗೆ ಅವರವರ ಪರಿವಾರ. ಮೂಲೆಗಳಲ್ಲಿ ಹಾರುವ ಗಂಧರ್ವರು. ಕಲ್ಲು ಎಷ್ಟು ಆಳಕ್ಕೆ ಕೊರೆದಿದ್ದಾರೆಂದರೆ ಕೆಲವು ಮೈಗಳು ಚಾವಣಿಯಿಂದ ಬಿಡಿಸಿಕೊಂಡು ಕೆಳಗೆ ಇಳಿಯಲು ಹೊರಟಂತಿವೆ. ಕನ್ನಡ ನಾಡಿನ ಒಳ್ಳೆಯ ಚಾವಣಿ ಶಿಲ್ಪಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿಡುತ್ತಾರೆ. ಬೇಲೂರಿಗೆ ಬಸ್ಸು ತುಂಬಿ ಹೋಗುವ ನಾವು, ತಿಪಟೂರಿನಿಂದ ಹತ್ತಿರದಲ್ಲೇ ಇರುವ ಇದನ್ನು ನೋಡಿದವರು ಎಷ್ಟು ಜನ? ಅದೇ ಊರಲ್ಲಿ ಹೊಯ್ಸಳರ ಚೆನ್ನಕೇಶವನೂ ಇದ್ದಾನೆ, ಹೊನ್ನೋಜನೆಂಬ ಶಿಲ್ಪಿಯ ಹೆಸರಿನೊಂದಿಗೆ. ನಾಲ್ಕು ನೂರು ವರ್ಷದ ಅಂತರದಲ್ಲಿ ಕಲ್ಲಿನ ಕೆಲಸ ಹೇಗೆ ಬದಲಾಯಿತೆಂದು ಒಂದೇ ಊರಲ್ಲಿ ನಡೆದು ನೋಡಬಹುದು.

ಇಷ್ಟನ್ನು ನಾವು ಕಳೆದುಕೊಂಡು ಮತ್ತೆ ಹುಡುಕಿಕೊಂಡದ್ದು ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೇ ಸಂಪುಟ, ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ಅವರ ನಂತರ 1906ರಿಂದ 1922ರವರೆಗೆ ಮೈಸೂರು ಪುರಾತತ್ತ್ವ ಇಲಾಖೆ ನಡೆಸಿದ ಆರ್. ನರಸಿಂಹಾಚಾರ್ಯರು, ಆಮೇಲೆ ಎಂ.ಎಚ್. ಕೃಷ್ಣ, ಗಾಡಿ ಹೂಡಿಕೊಂಡು ಹಳ್ಳಿ ಹಳ್ಳಿ ತಿರುಗಿ ಬರೆದಿಟ್ಟ ವಾರ್ಷಿಕ ವರದಿಗಳು ಇವತ್ತಿಗೂ ನಮಗೆ ಆಧಾರ. ಯಾವ ಗೋಡೆ ಆಗಲೇ ವಾಲಿತ್ತು, ಯಾವ ವಿಗ್ರಹ ಆಗ ಇತ್ತು, ಯಾವುದು ಮುರಿದಿತ್ತು ಎಂದು ತಿಳಿಯಬೇಕಾದರೆ ಆ ವರದಿಗಳನ್ನೇ ತಿರುವಿ ಹಾಕಬೇಕು. ಅವರು ಬರೆದರು, ಅಳೆದರು, ಫೋಟೋ ತೆಗೆದರು. ಆ ಕಾಲಕ್ಕೆ ಗುಡಿಗಳ ಹೆಸರಿನ ಮಾನ್ಯದ ಜಮೀನು ಇನ್ನೂ ಇತ್ತು. ಎಷ್ಟೋ ಕಡೆ ಅದು ಅಪ್ರಾಮಾಣಿಕ ಕೈಗಳಲ್ಲಿತ್ತು ಎಂಬುದೂ ನಿಜ.

1955ರ ಕಾಯ್ದೆಯನ್ನು ನಾವು ಬೈಯುವುದಿಲ್ಲ. 1974ರಲ್ಲಿ ದೇವರಾಜ ಅರಸರು ತಂದ ಭೂಸುಧಾರಣೆಯನ್ನೂ ಬೈಯುವುದಿಲ್ಲ. ಗುಡಿಯ ಹೊಲ ಉತ್ತವನಿಗೆ ಹೊಲ ಸಿಕ್ಕಿತು. ಆ ಹೊಲಗಳಲ್ಲಿ ತೆಂಗಿನ ಸಸಿ ನೆಟ್ಟು ಬೆಳೆಸಿದ ಗೇಣಿದಾರರ ಮೊಮ್ಮಕ್ಕಳು ಇವತ್ತು ತಿಪಟೂರಿನ ಮಾರುಕಟ್ಟೆಗೆ ಸ್ವಂತ ಕೊಬ್ಬರಿ ತರುತ್ತಾರೆ. ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ಯಾವ ವಿವೇಕಿಯೂ ಕೇಳಲಾರ. ನಮ್ಮ ತಕರಾರು ಇರುವುದು ಭೂಮಿಗೆ ಬದಲಾಗಿ ಸರ್ಕಾರ ಕೊಡಲೊಪ್ಪಿದ ತಸ್ತೀಕಿನ ಬಗ್ಗೆ. ಭೂಮಿಯ ಬೆಲೆ ಏರುತ್ತದೆ, ತೆಂಗಿನ ಫಸಲಿನ ಬೆಲೆ ಏರಿಳಿಯುತ್ತದೆ. ತಸ್ತೀಕು ಮಾತ್ರ ಸರ್ಕಾರ ನೆನೆಸಿಕೊಂಡಾಗ ಏರುತ್ತದೆ. ರಾಜ್ಯದಲ್ಲಿ ಮುಜರಾಯಿಗೆ ಸೇರಿದ ಸುಮಾರು 34 ಸಾವಿರ ದೇವಸ್ಥಾನಗಳಿವೆ, ಅವುಗಳಲ್ಲಿ ಬಹುಪಾಲು ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯದ ಸಿ ದರ್ಜೆಯವು. ಅಂಥ ಗುಡಿಯ ವಾರ್ಷಿಕ ತಸ್ತೀಕು 48,000 ರೂಪಾಯಿ ಇದ್ದದ್ದು 2022ರಲ್ಲಿ 60,000 ಆಯಿತು, 2025ರ ಬಜೆಟ್ಟಿನಲ್ಲಿ 72,000ಕ್ಕೆ ಏರಿತು. ತಿಂಗಳಿಗೆ ಆರು ಸಾವಿರ. ಈ ಆರು ಸಾವಿರದಲ್ಲಿ ಎಣ್ಣೆ, ಬತ್ತಿ, ಹೂವು, ಅಕ್ಕಿ, ಕಸ ಗುಡಿಸುವುದು, ಬಾಗಿಲು ತೆಗೆಯುವುದು, ಹಾಕುವುದು, ಅರ್ಚಕರ ಮನೆಯ ಒಲೆ, ಎಲ್ಲವೂ ನಡೆಯಬೇಕು. ಖಂಡಸ್ಫುಟಿತದ ಮಾತು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನಿತ್ಯಪೂಜೆ ನಿಂತ ಗುಡಿಗೆ ಏನಾಗುತ್ತದೆ ಎಂಬುದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲು ಅರ್ಚಕರ ಮಗ ಬೆಂಗಳೂರಿಗೆ ಹೋಗುತ್ತಾನೆ. ಆಮೇಲೆ ದಿನದ ಪೂಜೆ ವಾರದ ಪೂಜೆಯಾಗುತ್ತದೆ, ವಾರದ್ದು ಹಬ್ಬದ್ದಾಗುತ್ತದೆ. ಮಾಳಿಗೆಯ ಗಾರೆ ಬಿರುಕು ಬಿಟ್ಟಲ್ಲಿ ಹಕ್ಕಿ ಉದುರಿಸಿದ ಅರಳಿ ಬೀಜ ಮೊಳೆಯುತ್ತದೆ. ಮೊದಲ ವರ್ಷ ಅದನ್ನು ಎರಡು ಬೆರಳಲ್ಲಿ ಕೀಳಬಹುದು, ಹತ್ತು ವರ್ಷಕ್ಕೆ ಅದು ಕಲ್ಲನ್ನೇ ಎತ್ತುತ್ತದೆ. ನವರಂಗದಲ್ಲಿ ಬಾವಲಿ ಸೇರುತ್ತದೆ. ಮುಖಮಂಟಪಕ್ಕೆ ಯಾರೋ ತೆಂಗಿನ ಮಟ್ಟೆ ತಂದು ಒಟ್ಟುತ್ತಾರೆ. ಅಷ್ಟರಲ್ಲಿ ಇಲ್ಲಿ ನಿಧಿ ಇದೆ ಎಂಬ ಸುದ್ದಿ ಹುಟ್ಟಿರುತ್ತದೆ. ಅಮಾವಾಸ್ಯೆಯ ರಾತ್ರಿ ಗರ್ಭಗುಡಿಯ ಪೀಠದ ಕೆಳಗೆ ಗುಂಡಿ ತೋಡಿ, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋದ ಗುರುತು ಬೆಳಿಗ್ಗೆ ಸಿಗುತ್ತದೆ. ಇಂಥದ್ದು ರಾಜ್ಯದ ಹಲವು ಜಿಲ್ಲೆಗಳ ಹಾಳು ಗುಡಿಗಳಲ್ಲಿ ನಡೆದಿದೆ. ಕಳ್ಳನಿಗೆ ಬೇಕಾದದ್ದು ಬೀಗ ಹಾಕಿದ ಗುಡಿಯಲ್ಲ, ಯಾರೂ ಬಾರದ ಗುಡಿ.

ಆಮೇಲೆ ಎತ್ತಿ ನಿಲ್ಲಿಸುವ ಕಾಲ ಬಂತು. ಈ ವಿಷಯದಲ್ಲಿ ಕಳೆದ ಮೂವತ್ತು ನಲವತ್ತು ವರ್ಷಗಳ ಬಗ್ಗೆ ಗೊಣಗುವುದು ಅನ್ಯಾಯವಾದೀತು. ಕುಸಿದ ಗುಡಿಯನ್ನು ಒಂದೊಂದೇ ಕಲ್ಲಾಗಿ ಬಿಚ್ಚಿ, ಪ್ರತಿ ಕಲ್ಲಿಗೂ ಸಂಖ್ಯೆ ಬರೆದು, ಬುನಾದಿ ಗಟ್ಟಿ ಮಾಡಿ, ಮತ್ತೆ ಇದ್ದಂತೆಯೇ ಜೋಡಿಸುವ ವಿದ್ಯೆ ನಮ್ಮಲ್ಲಿ ಈಗ ಪಳಗಿದೆ. ತಲಕಾಡಿನಲ್ಲಿ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನನ್ನು ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಹೀಗೇ ಬಿಚ್ಚಿ ಕಟ್ಟಿತು. ಕೆತ್ತನೆ ಕಳೆದುಹೋದ ಕಡೆ ಹೊಸದಾಗಿ ಕೆತ್ತಿ ಹಳೆಯದೆಂದು ತೋರಿಸಬಾರದು, ಸಾದಾ ಕಲ್ಲು ಇಟ್ಟು ಬಿಡಬೇಕು ಎಂಬ ನಿಯಮ ನೋಡುವವರಿಗೆ ಮೊದಲು ಬೋಳು ಅನ್ನಿಸಿದರೂ ಅದರ ಹಿಂದೆ ಪ್ರಾಮಾಣಿಕತೆ ಇದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಲ್ಲಿ ಶುರುವಾಗಿ, ರಾಜ್ಯದ ಪುರಾತತ್ತ್ವ ಇಲಾಖೆಯೊಡನೆ ಸೇರಿ ನೂರಾರು ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಖರ್ಚಿನಲ್ಲಿ ಸರ್ಕಾರದ್ದು ಶೇಕಡ 40, ಟ್ರಸ್ಟಿನದು 40, ಊರಿನವರದು 20 ಎಂಬ ಅದರ ಸೂತ್ರದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಆ ಕೊನೆಯ 20. ಕೈಯಿಂದ ಕಾಸು ಬಿಚ್ಚಿದ ಊರು ಗುಡಿಯ ಕಡೆ ತಿರುಗಿ ನೋಡುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಜೀರ್ಣೋದ್ಧಾರ ನಡೆದಿದೆ. ಯಾವ ಇಲಾಖೆಯೂ ಇಲ್ಲದೆ, ಊರಿನವರೇ ಸಮಿತಿ ಮಾಡಿಕೊಂಡು, ಚೀಟಿ ಹರಿದು, ಕೊಬ್ಬರಿ ಬೆಲೆ ಚೆನ್ನಾಗಿದ್ದ ವರ್ಷ ಮುಗಿಸಿದ್ದು. ಅದರ ಫಲ ತಾಲ್ಲೂಕಿನ ಯಾವ ರಸ್ತೆಯಲ್ಲಿ ಹೋದರೂ ಕಾಣುತ್ತದೆ. ಬಳಪದ ಕಲ್ಲಿನ ಗೋಡೆಗೆ ಎಣ್ಣೆ ಬಣ್ಣ. ನವರಂಗದ ಕಲ್ಲು ಹಾಸಿನ ಮೇಲೆ ಜಾರುವ ಟೈಲ್ಸು. ಹಳೆಯ ಶಿಖರದ ಮುಂದೆ ಅದಕ್ಕಿಂತ ಎತ್ತರದ ಸಿಮೆಂಟು ಗೋಪುರ, ಗೋಪುರದ ಮೇಲೆ ಗುಲಾಬಿ ಬಣ್ಣದ ದೇವತೆಗಳು. ಮಳೆ ಬರಬಾರದೆಂದು ತಗಡಿನ ಶೀಟು, ಭಕ್ತರ ಸಾಲಿಗೆ ಸ್ಟೀಲಿನ ಸರಳು. ಕಲ್ಲಿನ ಸಂದಿಗೆ ಗಾರೆಯ ಬದಲು ಸಿಮೆಂಟು ತುಂಬಿದರೆ ಏನು ತೊಂದರೆ ಎಂದು ಕೇಳುವವರಿಗೆ ಉತ್ತರ ಸರಳ. ಗಾರೆ ಮೆದು, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಗಟ್ಟಿ, ತೇವವನ್ನು ಕಲ್ಲಿನೊಳಗೇ ಕಟ್ಟಿಹಾಕುತ್ತದೆ. ಅದರ ಉಪ್ಪು ಮೆದು ಕಲ್ಲಿನ ಮುಖವನ್ನು ಪುಡಿ ಮಾಡುತ್ತದೆ. ಎಣ್ಣೆ ಬಣ್ಣವೂ ಅದನ್ನೇ ಮಾಡುತ್ತದೆ. ಏಳುನೂರು ವರ್ಷ ಬಿಸಿಲು ಮಳೆ ತಾಳಿಕೊಂಡ ಮುಖ, ಭಕ್ತಿಯಿಂದ ಬಳಿದ ಒಂದು ಡಬ್ಬ ಪೇಂಟಿಗೆ ಸೋಲುತ್ತದೆ.

ಆದರೂ ಈ ಊರಿನವರನ್ನು ನಾವು ಹೀಗಳೆಯುವುದಿಲ್ಲ. ಆ ಬಣ್ಣ ಬಳಿದ ಗುಡಿಯಲ್ಲಿ ಸಂಜೆ ದೀಪ ಉರಿಯುತ್ತದೆ, ಮಂಗಳಾರತಿಗೆ ಹುಡುಗರು ಜಾಗಟೆ ಹೊಡೆಯಲು ಜಗಳವಾಡುತ್ತಾರೆ, ಮಾಳಿಗೆ ಸೋರಿದರೆ ಮರುದಿನವೇ ಯಾರೋ ಏಣಿ ಹಾಕುತ್ತಾರೆ. ಶಾಸ್ತ್ರಬದ್ಧವಾಗಿ ಎತ್ತಿ ನಿಲ್ಲಿಸಿದ ಎಷ್ಟೋ ಗುಡಿಗಳಲ್ಲಿ ಇದು ನಡೆಯುವುದಿಲ್ಲ. ನೀಲಿ ಫಲಕ, ತಂತಿ ಬೇಲಿ, ಬೀಗ. ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರೆ ಅಂಗಡಿಯವರು ತೋಟದ ಕಡೆ ಕೈ ತೋರಿಸುತ್ತಾರೆ. ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಬೇಸರಿಸದೆ ಬಂದು ಬಾಗಿಲು ತೆಗೆಯುತ್ತಾರೆ. ಅವರಿಗೆ ಗುಡಿಯ ಬಗ್ಗೆ ಗೊತ್ತಿರುವಷ್ಟು ಫಲಕಕ್ಕೆ ಗೊತ್ತಿಲ್ಲ. ಅವರು ಬಾಯಿಬಿಟ್ಟು ಕೇಳದಿದ್ದರೂ ಅವರಿಗೆ ಏನು ಸಲ್ಲುತ್ತದೆ ಎಂದು ನಾವು ಕೇಳಬೇಕು.

ಮಠಗಳ ಕಥೆ ಬೇರೆ ದಾರಿ ಹಿಡಿಯಿತು. ಇನಾಂ ಹೋದ ಮೇಲೆ ಮಠಗಳೂ ಬಡವಾದವು. ಆದರೆ ಮಠದಲ್ಲಿ ಮನುಷ್ಯರಿದ್ದರು. ಸ್ವಾಮಿಗಳಿದ್ದರು, ಮರಿಗಳಿದ್ದರು, ಒಲೆ ಇತ್ತು, ಬಂದವರಿಗೆ ಪ್ರಸಾದ ಹಾಕಬೇಕಿತ್ತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು, 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದವರು, ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ ಕೊಟ್ಟು ತೋರಿಸಿದ ದಾರಿಯನ್ನು ಜಿಲ್ಲೆಯ ಸಣ್ಣಪುಟ್ಟ ಮಠಗಳೂ ತಮ್ಮ ಶಕ್ತಿಗೆ ತಕ್ಕಂತೆ ಹಿಡಿದವು. ಕೆರೆಗೋಡಿ ರಂಗಾಪುರ, ಕುಪ್ಪೂರು ಗದ್ದುಗೆ ಮಠ, ನೊಣವಿನಕೆರೆಯ ಕಾಡಸಿದ್ಧೇಶ್ವರ ಮಠ ಇಂದಿಗೂ ನಡೆಯುತ್ತಿರುವುದು ಹಳೆಯ ಮಾನ್ಯದ ಬಲದಿಂದಲ್ಲ. ಭಕ್ತರು ಹೊತ್ತು ತರುವ ತೆಂಗಿನಕಾಯಿ, ರಾಗಿ, ಕಾಣಿಕೆಯಿಂದ. ಹತ್ತಿರದ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಗೆ ಐದು ಶತಮಾನಗಳಿಂದ ಜನ ಹರಿಯುವುದು ನಿಂತಿಲ್ಲ. ಅಲ್ಲಿನ ದಾಸೋಹದ ಒಲೆಯೂ ಆರಿಲ್ಲ.

ಅಜ್ಜಯ್ಯನ ಮಠವೆಂದೇ ಜನ ಕರೆಯುವ ನೊಣವಿನಕೆರೆಯ ಆ ಕಾಡಸಿದ್ಧೇಶ್ವರ ಮಠದ ಮುಂದೆ ರಾಜಧಾನಿಯ ಕಾರುಗಳು ಸಾಲುಗಟ್ಟಿ ನಿಲ್ಲುವುದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದಾರೆ. ಸಚಿವರು ಬರುತ್ತಾರೆ, ಮಂತ್ರಿಗಿರಿ ಬೇಕಾದವರು ಅವರಿಗಿಂತ ಹೆಚ್ಚು ಬರುತ್ತಾರೆ. ಅಲ್ಲಿಂದ ವಿಘ್ನಸಂತೆ ದೂರವೇನಲ್ಲ. ಆ ಕಾರುಗಳಲ್ಲಿ ಹತ್ತಕ್ಕೆ ಒಂದು ಅತ್ತ ತಿರುಗಿದರೂ ಮೂವರು ದಂಡನಾಯಕರ ಗುಡಿಗೆ ದಿನಾ ಜನ ಬಂದಂತಾಗುತ್ತದೆ. ಒಂದೇ ಹೋಬಳಿಯಲ್ಲಿ ಜನ ತುಂಬಿದ ಮಠ, ಕೆತ್ತನೆ ತುಂಬಿದ ಗುಡಿ, ಎರಡಕ್ಕೂ ಮಾತಿಲ್ಲ ಕಥೆಯಿಲ್ಲ. ಶಾಸನದ ಕಾಲದಲ್ಲಿ ಹೀಗಿರಲಿಲ್ಲ. ಎಷ್ಟೋ ಶಿವಾಲಯಗಳಿಗೆ ಅಂಟಿಕೊಂಡೇ ಮಠವಿರುತ್ತಿತ್ತು. ದಾನ ಕೊಟ್ಟವರು ಕಾಳಾಮುಖ ಸ್ಥಾನಾಚಾರ್ಯರ ಕಾಲು ತೊಳೆದು ಧಾರೆ ಎರೆಯುತ್ತಿದ್ದರು. ಗುಡಿಯ ರಿಪೇರಿಗೂ ಮಠದ ಊಟಕ್ಕೂ ಹೊಣೆ ಆ ಆಚಾರ್ಯರದೇ ಆಗಿತ್ತು.

ದೂರದ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ರಷ್ಯಾದ ಒಂದು ಹಳ್ಳಿಗಾಡಿನಲ್ಲಿ, ಹೊಳೆಯ ದಂಡೆಯ ಕಾಡಿನ ಅಂಚಿನಲ್ಲಿ, ಆಪ್ಟಿನ ಎಂಬ ಆರ್ಥೊಡಾಕ್ಸ್ ಕ್ರೈಸ್ತ ಮಠವಿದೆ. ದಾಸ್ತೊಯೆವ್‌ಸ್ಕಿ 1878ರಲ್ಲಿ ಮಗನನ್ನು ಕಳೆದುಕೊಂಡ ದುಃಖದಲ್ಲಿ ಅಲ್ಲಿಗೆ ಹೋಗಿ ಹಿರಿಯ ಸನ್ಯಾಸಿ ಅಂಬ್ರೋಸಿಯನ್ನು ಕಂಡ. ಕರಮಜೋವ್ ಸಹೋದರರು ಕಾದಂಬರಿಯ ಮಠದ ಹಿಂದೆ ಇರುವುದು ಆ ಭೇಟಿ. ಟಾಲ್‌ಸ್ಟಾಯ್ ಕೂಡ ಅಲ್ಲಿಗೆ ಹಲವು ಸಲ ಹೋದವನು, 1910ರಲ್ಲಿ ಮನೆ ಬಿಟ್ಟು ಹೊರಟಾಗಲೂ ಅತ್ತಲೇ ಹೋದ. ಕ್ರಾಂತಿಯ ನಂತರದ ಸರ್ಕಾರ 1923ರಲ್ಲಿ ಅದನ್ನು ಮುಚ್ಚಿಸಿತು. ಆಮೇಲೆ ದಶಕಗಳ ಕಾಲ ಅದು ಹಾಳುಬಿತ್ತು. 1987ರಲ್ಲಿ ಸೋವಿಯತ್ ಸರ್ಕಾರವೇ ಅದನ್ನು ಚರ್ಚಿಗೆ ಹಿಂದಿರುಗಿಸಿದಾಗ ಗೋಡೆಗಳು ಇನ್ನೂ ಹರಕುಮುರುಕಾಗಿದ್ದವು. ಸನ್ಯಾಸಿಗಳು ಮೊದಲು ಬಂದರು, ಪ್ರಾರ್ಥನೆ ಶುರುವಾಯಿತು, ರಿಪೇರಿ ಅದರ ಜೊತೆಜೊತೆಗೇ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಟೆಂಡರು, ಆಮೇಲೆ ಕಲ್ಲು, ಆಮೇಲೆ ಉದ್ಘಾಟನೆ. ಒಳಗೆ ಯಾರಿರಬೇಕು ಎಂಬ ಪ್ರಶ್ನೆ ಉದ್ಘಾಟನೆಯ ಶಾಮಿಯಾನ ಬಿಚ್ಚಿದ ಮೇಲೆ ಏಳುತ್ತದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದಾಗ ನಾಡಿಗೆಲ್ಲ ಸಂತೋಷವಾಯಿತು, ನಮಗೂ ಆಯಿತು. ಅದರಿಂದ ಅರಳಗುಪ್ಪೆಗೋ ಶೆಟ್ಟಿಕೆರೆಗೋ ಏನಾದರೂ ಬರುತ್ತದೆಂದು ನಿರೀಕ್ಷಿಸುವುದು ಬೇಡ. ಹೊಯ್ಸಳರ ನೂರಾರು ಗುಡಿಗಳಲ್ಲಿ ಮೂರಕ್ಕೆ ಕಿರೀಟ ಸಿಕ್ಕಿದರೆ ಮಿಕ್ಕವು ಇನ್ನಷ್ಟು ನೆರಳಿಗೆ ಸರಿಯುವುದೇ ಹೆಚ್ಚು. ಪ್ರವಾಸಿ ಮೂರು ದಿನ ರಜೆ ಹಾಕಿ ಬರುತ್ತಾನೆ, ಪಟ್ಟಿಯಲ್ಲಿರುವುದನ್ನು ನೋಡಿ ಹೋಗುತ್ತಾನೆ.

ಕಾನೂನಿನ ಕಡೆಯಿಂದಲೂ ಒಂದು ತೊಡಕಿದೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ಕೂಡದು, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಹಂಪಿಗೆ ಇದು ಬೇಕೇ ಬೇಕು. ಊರಿನ ನಡುವೆಯೇ ಗುಡಿ ಇರುವ ಹಳ್ಳಿಯಲ್ಲಿ ಮಾತ್ರ ಇದರ ಭಾರ ಅಜ್ಜನ ಕಾಲದ ಹೆಂಚಿನ ಮನೆಯವನ ಮೇಲೆ ಬೀಳುತ್ತದೆ. ಮಗನ ಮದುವೆಗೆ ಒಂದು ಕೋಣೆ ಏರಿಸಬೇಕೆಂದರೆ ಅವನಿಗೆ ಅಡ್ಡ ಬರುವುದು ಗುಡಿ. ಗುಡಿಯ ಮೇಲೆ ಊರಿಗೆ ಪ್ರೀತಿ ಹುಟ್ಟಬೇಕಾದ ಕಡೆ ಕಿರಿಕಿರಿ ಹುಟ್ಟಿದೆ. ಕಾನೂನು ಸಡಿಲಿಸಿ ಎಂದು ನಾವು ಹೇಳುತ್ತಿಲ್ಲ. ಆ 100 ಮೀಟರಿನೊಳಗೆ ಬದುಕುವ ಮನೆಗಳ ರಿಪೇರಿಯ ಅರ್ಜಿಗಳು ಬೇಗ ಇತ್ಯರ್ಥವಾಗಲಿ, ಗುಡಿಯ ಕಾವಲು, ಕಸ, ತೋಟದ ಕೆಲಸ ಆ ಮನೆಗಳವರಿಗೇ ಸಿಗಲಿ. ತೊಂದರೆ ಹೊರುವವರಿಗೇ ಲಾಭದ ಪಾಲೂ ಸಲ್ಲಬೇಕು.

ಹಣ ಎಲ್ಲಿಂದ ಎಂದು ಕೇಳುವುದು ಸಹಜ. ಕೊಬ್ಬರಿಯನ್ನು ನಂಬಿದ ಸೀಮೆ ಎಷ್ಟು ಏರುಪೇರು ಕಾಣುತ್ತದೆಂದು ಈಚಿನ ಮೂರು ವರ್ಷಗಳೇ ಹೇಳಿವೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು, ರೈತರು ನಫೆಡ್ ಖರೀದಿಗಾಗಿ ಧರಣಿ ಕೂತರು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಅದರ ಮೇಲೆ 1,500 ಸೇರಿಸಿತು. 2025ರಲ್ಲಿ ಇದ್ದಕ್ಕಿದ್ದಂತೆ ದರ 20,000 ದಾಟಿ ಓಡಿತು. ಆ ಹೊತ್ತಿಗೆ ಎಷ್ಟೋ ತೋಟಗಳಲ್ಲಿ ಬರ, ನುಸಿ, ಕಪ್ಪುತಲೆ ಹುಳು ಸೇರಿ ಫಸಲನ್ನೇ ಕಡಿಮೆ ಮಾಡಿದ್ದವು. ಅಟ್ಟ ಖಾಲಿಯಾಗಿದ್ದವನಿಗೆ ದರ ಏರಿದರೆಷ್ಟು, ಬಿಟ್ಟರೆಷ್ಟು? ಹಾಗಾಗಿ ರೈತನ ಮೇಲೆ ಹೊಸ ಹೊರೆ ಹಾಕಬೇಕೆಂಬುದು ನಮ್ಮ ಮಾತಲ್ಲ. ಹಿಂದೆ ಮಂಡಿಗಳಲ್ಲಿ ರೈತನ ಚೀಟಿಯಿಂದ ಧರ್ಮಾದಾಯವೆಂದು ಮುರಿದುಕೊಳ್ಳುವ ಪದ್ಧತಿ ಇತ್ತು. ಆ ದುಡ್ಡು ಧರ್ಮಕ್ಕೆ ಎಷ್ಟು, ಮಂಡಿಯವನ ಜೇಬಿಗೆ ಎಷ್ಟು ಹೋಯಿತೆಂದು ಕೇಳುವವರಿರಲಿಲ್ಲ. ನಿಯಂತ್ರಿತ ಮಾರುಕಟ್ಟೆ ಬಂದು ಅದು ನಿಂತದ್ದು ಒಳ್ಳೆಯದೇ ಆಯಿತು, ಮತ್ತೆ ಬರುವುದು ಬೇಡ.

ಆದರೆ ಒಂದು ಸಣ್ಣ ಲೆಕ್ಕ ನೋಡಿ. ಒಂದು ಗುಡಿಯ ವರ್ಷದ ತಸ್ತೀಕು 72,000 ರೂಪಾಯಿ ಎಂದರೆ 2024ರ ಬೆಂಬಲ ಬೆಲೆಯಲ್ಲಿ ಸರಿಯಾಗಿ 6 ಕ್ವಿಂಟಲ್ ಕೊಬ್ಬರಿ. 20,000ದ ದರದಲ್ಲಿ ನಾಲ್ಕು ಕ್ವಿಂಟಲ್ ಕೂಡ ಅಲ್ಲ. ದರ ಏರಿದ ಒಂದೇ ವರ್ಷ ಊರಿನ ನಾಲ್ಕು ದೊಡ್ಡ ತೋಟದವರು ಮನಸ್ಸು ಮಾಡಿದರೆ ಇನ್ನೊಂದು ತಸ್ತೀಕನ್ನು ಇಡಿಗಂಟಾಗಿ ಬ್ಯಾಂಕಿನಲ್ಲಿಡಬಹುದು. ಗೋಪುರಕ್ಕೆ ಲಕ್ಷಗಟ್ಟಲೆ ಎತ್ತುವ ಊರುಗಳಿಗೆ ಇದು ದೊಡ್ಡ ಮಾತಲ್ಲ. ಗೋಪುರದ ಮೇಲೆ ದಾನಿಯ ಹೆಸರು ಬರೆಸಬಹುದು, ಬತ್ತಿಯ ಮೇಲೆ ಬರೆಸಲಾಗುವುದಿಲ್ಲ. ಅಡ್ಡಿ ಇರುವುದು ಅಲ್ಲೇ.

ಸರ್ಕಾರ ಮಾಡಬೇಕಾದದ್ದು ಇದಕ್ಕಿಂತ ಸುಲಭ, ಇದಕ್ಕಿಂತ ಕಡಿಮೆ ಖರ್ಚಿನದು. ಸಂರಕ್ಷಿತ ಗುಡಿಯ ಕಲ್ಲಿಗೆ ಊರಿನವರು ಕೈ ಹಚ್ಚಬಾರದು ಎಂಬ ನಿಯಮ ಸರಿ. ಆದರೆ ಕೈ ಹಚ್ಚಬಾರದೆಂಬ ಒಂದೇ ಮಾತಿನಲ್ಲಿ ಎಣ್ಣೆ ಬಣ್ಣವನ್ನೂ ಕಸಬರಿಕೆಯನ್ನೂ ಒಟ್ಟಿಗೆ ತಡೆದಂತಾಗಿದೆ. ಅರಳಗುಪ್ಪೆಯಂಥ ಚಾವಣಿಯ ಶತ್ರು ಕಳ್ಳನಲ್ಲ, ಮಾಳಿಗೆಯ ಮೇಲೆ ನಿಲ್ಲುವ ನೀರು. ನೀರಿನ ದಾರಿಯಲ್ಲಿ ಸಿಕ್ಕಿಕೊಂಡ ಎಲೆ ತೆಗೆಯುವುದಕ್ಕೆ, ಎರಡು ಎಲೆಯ ಅರಳಿ ಸಸಿ ಕೀಳುವುದಕ್ಕೆ, ಎಲ್ಲಿ ತೇವ ಕಂಡಿತೆಂದು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವುದಕ್ಕೆ ಬೆಂಗಳೂರಿನಿಂದ ಎಂಜಿನಿಯರು ಬರಬೇಕಿಲ್ಲ. ಬೀಗದ ಕೈ ಇಟ್ಟುಕೊಂಡಿರುವ ಅದೇ ಅರ್ಚಕರಿಗೆ ಅಥವಾ ಕಾವಲುಗಾರರಿಗೆ ಇಂಥಿಂಥ ಕೆಲಸ ನೀವೇ ಮಾಡಬಹುದು, ಇಂಥಿಂಥದನ್ನು ಮುಟ್ಟಬಾರದು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಲಿ, ಅದಕ್ಕೊಂದು ಸಂಬಳ ಗೊತ್ತುಮಾಡಲಿ. ಹತ್ತಿರದ ಮಠದ ಶಾಲೆಯ ಮಕ್ಕಳು ವರ್ಷಕ್ಕೆರಡು ಸಲ ಬಂದು ಅಂಗಳ ಗುಡಿಸಿ, ಆ ಚಾವಣಿಯ ಕೆಳಗೆ ಕೂತು ದಿಕ್ಪಾಲಕರ ಹೆಸರು ಕಲಿಯಲು ಒಪ್ಪಿಗೆ ಕೊಡಲಿ. ಮುಂಗಾರಿಗೆ ಮೊದಲು, ಮೇ ತಿಂಗಳ ಒಳಗೆ ಆ ಹಾಳೆ ಮೂರೂ ತಾಲ್ಲೂಕಿನ ಗುಡಿಗಳಿಗೆ ತಲುಪಿದರೆ ಈ ವರ್ಷದ ಮಳೆಗೇ ಕೆಲಸ ಶುರುವಾಗುತ್ತದೆ.